31%ರಲ್ಲೇ ಆರಿಹೋಗುವ ಲ್ಯಾಪ್‌ಟಾಪ್: ಥಿಂಕ್‌ಪ್ಯಾಡ್ ಎಕ್ಸ್220 ಬ್ಯಾಟರಿಯ ತಪ್ಪು ಲೆಕ್ಕ ಹಿಡಿಯುವ ಕ್ರಮ

ಪರದೆಯ ಮೂಲೆಯಲ್ಲಿ 31% ಎಂದು ತೋರಿಸುತ್ತಿರುವಾಗಲೇ ಲ್ಯಾಪ್‌ಟಾಪ್ ದಿಢೀರನೆ ಆರಿಹೋಗುತ್ತದೆ. ಎಚ್ಚರಿಕೆ ಬರುವುದಿಲ್ಲ, ಹೈಬರ್ನೇಟ್ ಆಗುವುದಿಲ್ಲ, ಉಳಿಸದ ಕೆಲಸ ಹೋಗಿಬಿಡುತ್ತದೆ. ಇದರ ತಿರುಗುಮುರುಗಾದ ಕಾಟವೂ ಇದೆ: ಎರಡೇ ಗಂಟೆಯಲ್ಲಿ 3%ಕ್ಕೆ ಇಳಿದು, ಆಮೇಲೆ ಆ 3%ರಲ್ಲೇ ಮುಕ್ಕಾಲು ಗಂಟೆ ಓಡುತ್ತದೆ. ಎರಡಕ್ಕೂ ಸಿಗುವ ಸಲಹೆ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿ. ಕೆಲವೊಮ್ಮೆ ಅದು ನಿಜ. ಆದರೆ ಅಳೆಯದೆ ಹಾಗೆ ಹೇಳಬಾರದು. ಸೆಲ್ ಸತ್ತಿರುವುದು ಒಂದು ರೋಗ, ಸೆಲ್ ಎಷ್ಟು ಉಳಿದಿದೆ ಎಂಬ ಲೆಕ್ಕ ತಪ್ಪಿರುವುದು ಇನ್ನೊಂದು ರೋಗ, ಎರಡೂ ಒಟ್ಟಿಗೆ ಇರುವುದು ಮೂರನೆಯದು. ಇವನ್ನು ಬೇರ್ಪಡಿಸಲು ಒಂದು ದಿನ ಸಾಕು, ಖರ್ಚು ಏನೂ ಇಲ್ಲ.

ಇಲ್ಲಿ ಆರಿಸಿಕೊಂಡಿರುವುದು 2011ರ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್220, ಅದರ 6 ಸೆಲ್‌ಗಳ 29+ ಬ್ಯಾಟರಿ. ಲೇಬಲ್ ಮೇಲೆ 11.1 ವೋಲ್ಟ್, 63 ವ್ಯಾಟ್-ಅವರ್ ಎಂದಿರುತ್ತದೆ. ಒಳಗೆ 18650 ಗಾತ್ರದ ಸೆಲ್‌ಗಳು ಎರಡೆರಡು ಜೋಡಿಯಾಗಿ, ಅಂಥ 3 ಗುಂಪುಗಳು ಸಾಲಾಗಿ. ಈ ಮಾದರಿಯನ್ನೇ ಆರಿಸಲು ಕಾರಣವಿದೆ: ಪ್ಯಾಕ್ ಬಿಚ್ಚದೆಯೇ ಒಂದೊಂದು ಗುಂಪಿನ ವೋಲ್ಟೇಜ್ ಓದಲು ಸಿಗುವ ಕೆಲವೇ ಯಂತ್ರಗಳಲ್ಲಿ ಇದೂ ಒಂದು. ಟಿ420, ಟಿ430, ಎಕ್ಸ್230ಗಳಿಗೂ ಕ್ರಮ ಹೆಚ್ಚುಕಡಿಮೆ ಇದೇ. ಡೆಲ್, ಎಚ್‌ಪಿ ಯಂತ್ರಗಳಲ್ಲಿ ಮೆನುಗಳ ಹೆಸರು ಬೇರೆ, ಒಳಗಿನ ಸಂಗತಿ ಬೇರೆಯಲ್ಲ.

ಶೇಕಡಾವಾರು ಎಲ್ಲಿಂದ ಬರುತ್ತದೆ

ಈ ಸಂಖ್ಯೆಯನ್ನು ವಿಂಡೋಸ್ ಅಥವಾ ಲಿನಕ್ಸ್ ಅಳೆಯುವುದಿಲ್ಲ. ಬ್ಯಾಟರಿ ಪ್ಯಾಕಿನ ಒಳಗೇ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಇದೆ, ಅದರಲ್ಲಿ ಗೇಜ್ ಚಿಪ್ ಇದೆ. ಸೆಲ್‌ಗಳ ಕರೆಂಟ್ ಹೋಗುವ ದಾರಿಯಲ್ಲಿ ಕೆಲವೇ ಮಿಲಿಓಮ್‌ನ, ಸಾಮಾನ್ಯವಾಗಿ 5ರಿಂದ 20ರೊಳಗಿನ, ಒಂದು ರೆಸಿಸ್ಟರ್ ಇರುತ್ತದೆ. ಅದರ ಎರಡು ತುದಿಗಳ ನಡುವಿನ ಸಣ್ಣ ವೋಲ್ಟೇಜನ್ನು ಓದಿ, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಚಿಪ್ ಸದಾ ಕೂಡಿ ಕಳೆಯುತ್ತಿರುತ್ತದೆ. ಲ್ಯಾಪ್‌ಟಾಪಿನ ಎಂಬೆಡೆಡ್ ಕಂಟ್ರೋಲರ್, ಅಂದರೆ ಬ್ಯಾಟರಿ, ಪವರ್ ಬಟನ್‌ನಂಥವನ್ನು ನೋಡಿಕೊಳ್ಳುವ ಪುಟ್ಟ ಚಿಪ್, ಆ ಲೆಕ್ಕವನ್ನು ಎಸ್‌ಎಂಬಸ್ ಎಂಬ ಎರಡು ತಂತಿಗಳ ಮೂಲಕ ಕೇಳಿ ಪಡೆಯುತ್ತದೆ. ಅಲ್ಲಿಂದ ಎಸಿಪಿಐ ಎಂಬ, ಯಂತ್ರಕ್ಕೂ ಸಾಫ್ಟ್‌ವೇರ್‌ಗೂ ನಡುವಿನ ಕೊಂಡಿಯ ಮೂಲಕ ಆಪರೇಟಿಂಗ್ ಸಿಸ್ಟಮ್‌ಗೆ ಬರುತ್ತದೆ. ಸಿಸ್ಟಮ್ ಮಾಡುವುದು ಒಂದು ಭಾಗಾಕಾರ ಮಾತ್ರ: ಈಗ ಉಳಿದಿರುವುದು ಮೇಲೆ, ಪೂರ್ತಿ ತುಂಬಿದಾಗ ಇರುವುದು ಕೆಳಗೆ.

ಈ ಭಾಗಾಕಾರದ ಛೇದವೇ, ಅಂದರೆ ಕೆಳಗಿನ ಅಂಕಿಯೇ, ಎಲ್ಲ ಗೊಂದಲದ ಮೂಲ. ಎಷ್ಟು ಹೊರಗೆ ಹೋಯಿತು ಎಂಬ ಎಣಿಕೆ ಹತ್ತು ವರ್ಷ ಹಳೆಯ ಪ್ಯಾಕಿನಲ್ಲೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಆ ರೆಸಿಸ್ಟರ್ ಅಷ್ಟು ಬೇಗ ಹಾಳಾಗುವ ವಸ್ತುವಲ್ಲ. ಪೂರ್ತಿ ತುಂಬಿದರೆ ಎಷ್ಟು ಹಿಡಿಸುತ್ತದೆ ಎಂಬುದು ಮಾತ್ರ ಅಳತೆಯಲ್ಲ, ಚಿಪ್‌ನ ನಂಬಿಕೆ. ಅಕ್ಕಿ ಡಬ್ಬಿಯಿಂದ ಎಷ್ಟು ಪಾವು ತೆಗೆದೆವು ಎಂದು ಸರಿಯಾಗಿ ಎಣಿಸಿದರೂ ಡಬ್ಬಿಯ ಗಾತ್ರವನ್ನೇ ತಪ್ಪು ತಿಳಿದಿದ್ದರೆ, ಇನ್ನೂ ಇದೆ ಅಂದುಕೊಂಡಾಗಲೇ ತಳ ಕಾಣುತ್ತದೆ. ಚಿಪ್ ಆ ಗಾತ್ರವನ್ನು ಹೊಸದಾಗಿ ಕಲಿಯುವುದು ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಿಂದ ತಳದ ಹತ್ತಿರದವರೆಗೆ ಅಡೆತಡೆಯಿಲ್ಲದೆ ಇಳಿದಾಗ. ಇನ್ನು ಕೆಲವು ಚಿಪ್‌ಗಳು ದೂರದೂರದ ಎರಡು ಮಟ್ಟಗಳಲ್ಲಿ ಬ್ಯಾಟರಿ ಗಂಟೆಗಟ್ಟಲೆ ಸುಮ್ಮನೆ ಇದ್ದಾಗ ಕಲಿಯುತ್ತವೆ. ಕರೆಂಟ್ ಹತ್ತು ನಿಮಿಷ ಹೋಗಿ ಬರುವ ಊರಿನಲ್ಲಿ, ಸದಾ ಚಾರ್ಜರ್‌ಗೆ ಕಟ್ಟಿಹಾಕಿದ ಲ್ಯಾಪ್‌ಟಾಪಿನಲ್ಲಿ, ಈ ಎರಡರಲ್ಲಿ ಒಂದೂ ವರ್ಷಗಟ್ಟಲೆ ನಡೆಯುವುದಿಲ್ಲ. ಸೆಲ್ ಸವೆಯುತ್ತಲೇ ಹೋಗುತ್ತದೆ, ಚಿಪ್‌ನ ನಂಬಿಕೆ ಹಳೆಯದೇ ಉಳಿಯುತ್ತದೆ.

ಹಾಗಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರಿ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡುವುದು, ವಿಂಡೋಸ್ ಮರುಸ್ಥಾಪಿಸುವುದು, ಬಯಾಸ್ ರೀಸೆಟ್ ಮಾಡುವುದು, ಇವು ಯಾವುವೂ ಪ್ಯಾಕಿನೊಳಗಿನ ಛೇದವನ್ನು ಮುಟ್ಟುವುದಿಲ್ಲ. ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯುವ ಉಪಾಯಕ್ಕೆ ಬೆಲೆಯಿದೆ, ಆದರೆ ಬೇರೆ ಕಾರಣಕ್ಕೆ: ಅದು ಎಂಬೆಡೆಡ್ ಕಂಟ್ರೋಲರ್ ಅನ್ನು ಹೊಸದಾಗಿ ಶುರುಮಾಡಿಸುತ್ತದೆ. ಸಂಖ್ಯೆ ಗಂಟೆಗಟ್ಟಲೆ ಅಲ್ಲಾಡದೆ ನಿಂತಿದ್ದರೆ, ಅಥವಾ ಬ್ಯಾಟರಿಯೇ ಇಲ್ಲ ಎಂದು ತೋರಿಸುತ್ತಿದ್ದರೆ ಮೊದಲು ಅದನ್ನೇ ಮಾಡಿ.

ಅದೇ ಸಮಯದಲ್ಲಿ ಬ್ಯಾಟರಿಯ ಲೋಹದ ಸಂಪರ್ಕಗಳನ್ನೂ ನೋಡಿಬಿಡಿ. ಎಕ್ಸ್220ರಲ್ಲಿ ಬ್ಯಾಟರಿ ಹಿಂಭಾಗಕ್ಕಿದೆ, ತಳದ ಎರಡು ಚಿಲಕ ಸರಿಸಿದರೆ ಹೊರಬರುತ್ತದೆ. 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಕಡೆ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಪವರ್ ಹರಿಯುವ ಸಂಪರ್ಕ ಸ್ವಲ್ಪ ಮಂಕಾದರೂ ಯಂತ್ರ ಓಡುತ್ತದೆ. ಡೇಟಾ ಸಂಪರ್ಕ ಮಂಕಾದರೆ ಓದು ತಪ್ಪುತ್ತದೆ, ಆಗ ಸಂಖ್ಯೆ 64ರಿಂದ ಸೊನ್ನೆಗೆ ಹಾರಿ ಮತ್ತೆ 64ಕ್ಕೆ ಬರುತ್ತದೆ. ಹೀಗೆ ಹಾರಿ ಹಿಂದಿರುಗುವ ಸಂಖ್ಯೆ ಸೆಲ್‌ನ ದೋಷವಲ್ಲ. ಸೆಲ್ ಕುಸಿದರೆ ಸಂಖ್ಯೆ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ದೋಷವೇ ಅಲ್ಲದ ಒಂದು ಸಂಗತಿ ಹಲವರನ್ನು ಹೆದರಿಸುತ್ತದೆ. ಥಿಂಕ್‌ಪ್ಯಾಡ್‌ಗಳಲ್ಲಿ ಚಾರ್ಜ್ ಶುರುವಾಗುವ ಮಿತಿ 96% ಇರುತ್ತದೆ. 97ರಲ್ಲೋ 98ರಲ್ಲೋ ಚಾರ್ಜರ್ ಚುಚ್ಚಿದರೆ ಅದು ತುಂಬಿಸುವುದೇ ಇಲ್ಲ. ಯಾರಾದರೂ ಮಿತಿಯನ್ನು 75–80ಕ್ಕೆ ಇಳಿಸಿಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಪರೀಕ್ಷೆಗೆ ಮೊದಲು ಈ ಮಿತಿಗಳನ್ನು ತೆಗೆದುಹಾಕಿ.

ಮೊದಲ ಓದು

ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆಜ್ಞೆಯನ್ನು ಬ್ಯಾಟರಿರಿಪೋರ್ಟ್ ಆಯ್ಕೆಯೊಂದಿಗೆ ಕೊಡಿ. ಎಚ್‌ಟಿಎಂಎಲ್ ಕಡತವೊಂದು ಸಿದ್ಧವಾಗುತ್ತದೆ. ಅದರ ಮೇಲ್ಭಾಗದಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡೂ ಸಿಗುತ್ತವೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ನಿಜವಾಗಿ ನೋಡಬೇಕಾದ್ದು ಕೆಳಗಿರುವ ಕೆಪಾಸಿಟಿ ಹಿಸ್ಟರಿ. ತಿಂಗಳುಗಟ್ಟಲೆ ಫುಲ್ ಚಾರ್ಜ್ ಅಂಕಿ ಒಂದಿಷ್ಟೂ ಅಲುಗಾಡದಿದ್ದರೆ ಚಿಪ್ ಆ ಅವಧಿಯಲ್ಲಿ ಏನನ್ನೂ ಕಲಿತಿಲ್ಲ. ಒಂದು ವಾರದಲ್ಲಿ ಏಕಾಏಕಿ ಹತ್ತಾರು ವ್ಯಾಟ್-ಅವರ್ ಇಳಿದಿದ್ದರೆ ಅದು ಸೆಲ್ ಆ ವಾರ ಸತ್ತ ಗುರುತಲ್ಲ, ಚಿಪ್ ಆ ವಾರ ಸತ್ಯ ಕಂಡುಕೊಂಡ ಗುರುತು. ಹಳೆಯ ಪ್ಯಾಕಿನಲ್ಲಿ ಎರಡೂ ಅಂಕಿ ಒಂದೇ ಆಗಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿಯಬೇಡಿ. ಕಲಿಯದ ಚಿಪ್, ಅಥವಾ ಸುಳ್ಳು ಹೇಳುವ ಅಗ್ಗದ ಚಿಪ್, ಎರಡರಲ್ಲೊಂದು.

ಲಿನಕ್ಸ್‌ನಲ್ಲಿ ಸಿಸ್ ಫೋಲ್ಡರಿನೊಳಗೆ ಕ್ಲಾಸ್, ಅದರೊಳಗೆ ಪವರ್ ಸಪ್ಲೈ, ಅದರೊಳಗೆ ಬ್ಯಾಟ್0. ಅಲ್ಲಿ ಎನರ್ಜಿ ಫುಲ್ ಡಿಸೈನ್, ಎನರ್ಜಿ ಫುಲ್, ಎನರ್ಜಿ ನೌ, ವೋಲ್ಟೇಜ್ ನೌ, ಪವರ್ ನೌ ಎಂಬ ಕಡತಗಳಿವೆ. ಅಂಕಿಗಳು ಮೈಕ್ರೋ ಅಳತೆಯಲ್ಲಿರುತ್ತವೆ, 62160000 ಎಂದಿದ್ದರೆ 62.16 ವ್ಯಾಟ್-ಅವರ್. ಲೇಬಲ್ ಮೇಲಿನ 63 ಇದೇ ಅಂಕಿಯನ್ನು ಮೇಲಕ್ಕೆ ಪೂರ್ಣಗೊಳಿಸಿದ್ದು, 11.1 ವೋಲ್ಟ್ ಗುಣಿಸು 5.6 ಆಂಪಿಯರ್-ಅವರ್. ಸೈಕಲ್ ಕೌಂಟ್, ಅಂದರೆ ತುಂಬಿ ಖಾಲಿಯಾದ ಸುತ್ತುಗಳ ಎಣಿಕೆ, ಸೊನ್ನೆ ಎಂದು ಬಂದರೆ ನಂಬಬೇಡಿ, ಹಳೆಯ ಬಯಾಸ್ ಆ ಮಾಹಿತಿಯನ್ನು ಸಿಸ್ಟಮ್‌ಗೆ ಕೊಡದಿರುವುದರಿಂದ ಹಾಗೆ ಕಾಣುತ್ತದೆ. ಟಿಪಿ-ಸ್ಮಾಪಿ ಎಂಬ ಕರ್ನಲ್ ಮಾಡ್ಯೂಲ್ ಹಾಕಿಕೊಂಡರೆ ನಿಜವಾದ ಸೈಕಲ್ ಸಂಖ್ಯೆ, ತಯಾರಾದ ದಿನಾಂಕ, ಮೊದಲು ಬಳಸಿದ ದಿನಾಂಕ, ಪ್ಯಾಕಿನ ಉಷ್ಣತೆ, ಸೆಲ್ ಗುಂಪುಗಳ ವೋಲ್ಟೇಜ್ ಎಲ್ಲವೂ ಸಿಗುತ್ತವೆ. ಎಕ್ಸ್220, ಟಿ420 ತಲೆಮಾರಿನಲ್ಲಿ ಈ ಮಾಡ್ಯೂಲ್‌ನಿಂದ ಚಾರ್ಜ್ ಮಿತಿ ಬದಲಿಸಲಾಗದು, ಓದು ಮಾತ್ರ ಸಾಧ್ಯ. ನಮಗೆ ಬೇಕಿರುವುದೂ ಅಷ್ಟೇ. ಟಿಎಲ್‌ಪಿ ಎಂಬ, ಲಿನಕ್ಸ್‌ನ ವಿದ್ಯುತ್ ಉಳಿತಾಯದ ಸಾಫ್ಟ್‌ವೇರ್ ಇದ್ದರೆ ಟಿಎಲ್‌ಪಿ-ಸ್ಟ್ಯಾಟ್ ಆಜ್ಞೆಗೆ ಬಿ ಆಯ್ಕೆ ಕೊಟ್ಟರೆ ಬ್ಯಾಟರಿಯ ವಿವರಗಳು ಒಂದೇ ಪುಟದಲ್ಲಿ ಬರುತ್ತವೆ.

ಉಷ್ಣತೆಯ ಅಂಕಿಯನ್ನು ದಾಟಿಹೋಗಬೇಡಿ. ಕೋಣೆಯಲ್ಲಿ 28 ಡಿಗ್ರಿ ಇರುವಾಗ, ರಾತ್ರಿಯಿಡೀ ಆಫ್ ಇದ್ದ ಪ್ಯಾಕ್ ತಾನು 60 ಡಿಗ್ರಿ ಎಂದೋ ಸೊನ್ನೆಗಿಂತ ಕೆಳಗೆ ಎಂದೋ ಹೇಳಿದರೆ ಉಷ್ಣತೆ ಅಳೆಯುವ ಅದರ ಥರ್ಮಿಸ್ಟರ್ ಅಥವಾ ಅದರ ಬೆಸುಗೆ ಹೋಗಿದೆ. ಅಂಥ ಪ್ಯಾಕಿಗೆ ಮುಂದಿನ ಯಾವ ಕ್ರಮವೂ ಬೇಡ, ಬಳಕೆಯಿಂದ ತೆಗೆಯಿರಿ. ನಿಜವಾಗಿಯೂ ಬಿಸಿಯಾಗಿದ್ದರೆ ಮಾತು ಬೇರೆ. ಪ್ಯಾಕ್ ಸುಮಾರು 45 ಡಿಗ್ರಿ ದಾಟಿದರೆ ಚಾರ್ಜ್ ನಿಲ್ಲಿಸುವುದು ರೂಢಿಯ ರಕ್ಷಣೆ. ರಾಯಚೂರು, ಕಲಬುರಗಿಯ ಬೇಸಿಗೆಯ ಮಧ್ಯಾಹ್ನ ಅಷ್ಟಾಗಲು ಹೆಚ್ಚು ಹೊತ್ತು ಬೇಡ. ಅಲ್ಲಿ ಈ ಪರೀಕ್ಷೆಯನ್ನು ರಾತ್ರಿ ಇಟ್ಟುಕೊಳ್ಳಿ.

ಇಳಿಕೆಯ ಲಾಗ್

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಕ್ಯಾಲಿಬ್ರೇಶನ್‌ಗೆ, ಅಂದರೆ ಚಿಪ್‌ಗೆ ಸರಿಯಾದ ಛೇದ ಕಲಿಸುವುದಕ್ಕೆ, ಮೊದಲೇ ಇದನ್ನು ಮಾಡಬೇಕು. ಇಲ್ಲದಿದ್ದರೆ ಮೊದಲು ಏನಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಲಿನಕ್ಸ್ ಲೈವ್ ಯುಎಸ್‌ಬಿಯಿಂದ, ಅಂದರೆ ಡಿಸ್ಕಿಗೆ ಹಾಕದೆ ನೇರವಾಗಿ ಓಡುವ ಲಿನಕ್ಸ್‌ನಿಂದ, ಬೂಟ್ ಮಾಡಿ, ಒಳಗಿನ ಡಿಸ್ಕ್ ಮೌಂಟ್ ಮಾಡಬೇಡಿ, ಅಂದರೆ ಬಳಕೆಗೆ ತೆರೆಯಬೇಡಿ. ಯಂತ್ರ ದಿಢೀರನೆ ಆರುವುದು ಖಚಿತ, ಆಗ ಡಿಸ್ಕಿನ ಕಡತಗಳು ಹಾಳಾಗಬಾರದು. ಬ್ಯಾಟರಿ 100% ಆದ ಮೇಲೆ ಇನ್ನೂ 2 ಗಂಟೆ ಚಾರ್ಜರ್‌ನಲ್ಲೇ ಬಿಡಿ. ಪರದೆಯ ಬೆಳಕನ್ನು ಒಂದು ಮಟ್ಟಕ್ಕೆ ನಿಲ್ಲಿಸಿ, ಸ್ಲೀಪ್, ಸ್ಕ್ರೀನ್ ಆಫ್, ಕಡಿಮೆ ಬ್ಯಾಟರಿಯ ಕ್ರಮಗಳು ಎಲ್ಲವನ್ನೂ ರದ್ದುಮಾಡಿ. ಒಂದು ವಿಡಿಯೋ ಲೂಪ್‌ನಲ್ಲಿ ಓಡಲಿ. ಪವರ್ ನೌ ಅಂಕಿ 10–12 ವ್ಯಾಟ್ ಸುತ್ತ ನಿಲ್ಲುವಂತೆ ನೋಡಿಕೊಳ್ಳಿ. ಆಮೇಲೆ ಪ್ರತಿ 10 ಸೆಕೆಂಡಿಗೊಮ್ಮೆ ಸಮಯ, ಶೇಕಡಾ, ಎನರ್ಜಿ ನೌ, ವೋಲ್ಟೇಜ್, ಪವರ್, ಗುಂಪುಗಳ ವೋಲ್ಟೇಜ್ ಇಷ್ಟನ್ನೂ ಒಂದು ಸಾಲಾಗಿ ಇನ್ನೊಂದು ಯುಎಸ್‌ಬಿ ಡ್ರೈವಿಗೆ ಬರೆಯುವ ಪುಟ್ಟ ಶೆಲ್ ಲೂಪ್ ಓಡಿಸಿ. ಪ್ರತಿ ಸಾಲಿನ ನಂತರ ಸಿಂಕ್ ಆಜ್ಞೆ ಇರಲೇಬೇಕು. ಅದಿಲ್ಲದಿದ್ದರೆ ಕೊನೆಯ ಸಾಲುಗಳು ಮೆಮೊರಿಯಲ್ಲೇ ಉಳಿದು ಯಂತ್ರದೊಂದಿಗೆ ಮಾಯವಾಗುತ್ತವೆ, ನಮಗೆ ಬೇಕಾದ ಸಾಲುಗಳು ಅವೇ. ಚಾರ್ಜರ್ ತೆಗೆಯಿರಿ, ಯಂತ್ರ ತಾನಾಗಿ ಆರುವವರೆಗೆ ಮುಟ್ಟಬೇಡಿ.

ಈಗ ಲೆಕ್ಕ. ತೋರಿಸುವುದಕ್ಕಾಗಿ ಅಂಕಿಗಳನ್ನು ಹೀಗೆ ಇಟ್ಟುಕೊಳ್ಳೋಣ: ಡಿಸೈನ್ 62.16, ಚಿಪ್ ಹೇಳುವ ಫುಲ್ 48.20, ಯಂತ್ರ ಆರಿದ್ದು 31%ರಲ್ಲಿ. ಹೊರಬಂದದ್ದು 48.20ರ 69%, ಅಂದರೆ 33.3 ವ್ಯಾಟ್-ಅವರ್. ಇದನ್ನು ಒಂದೇ ದಾರಿಯಲ್ಲಿ ನಂಬದೆ, ಪ್ರತಿ ಸಾಲಿನ ಪವರ್ ಅನ್ನು 10 ಸೆಕೆಂಡ್‌ಗೆ ಗುಣಿಸಿ, ಎಲ್ಲವನ್ನೂ ಕೂಡಿ, 3600ರಿಂದ ಭಾಗಿಸಿ. ಅದೂ 33ರ ಆಸುಪಾಸಿಗೆ ಬಂದರೆ ಎಣಿಕೆ ಸರಿ, ಛೇದ ತಪ್ಪು. ನಿಜವಾದ ಸಾಮರ್ಥ್ಯ 33.3, ಡಿಸೈನಿನ 53–54%. ಚಿಪ್ ತಿಳಿದಿದ್ದದ್ದು 77–78%. ಈ ಎರಡರ ನಡುವಿನ ಅಂತರವನ್ನು ಚಿಪ್ ಹೇಳುವ ಫುಲ್‌ನ ಪಾಲಾಗಿ ನೋಡಿದರೆ ಅದೇ ಆ 31%. ಎರಡು ಕೂಡಿಕೆಗಳು ತೀರಾ ಬೇರೆಯಾದರೆ, ಉದಾಹರಣೆಗೆ ಒಂದು 33, ಇನ್ನೊಂದು 24 ಬಂದರೆ, ಚಿಪ್ ದಾರಿಯ ನಡುವೆ ವೋಲ್ಟೇಜ್ ನೋಡಿ ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತಿದೆ. ಆಗ ಪವರ್ ಕೂಡಿದ ಅಂಕಿಯನ್ನೇ ಹಿಡಿಯಿರಿ.

ಕೊನೆಯ 20 ನಿಮಿಷದ ವೋಲ್ಟೇಜ್ ರೇಖೆ ಇನ್ನೂ ಹೆಚ್ಚು ಹೇಳುತ್ತದೆ. ಲಿಥಿಯಂ-ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್, ಬಳಸಬಹುದಾದ ತಳ 3 ವೋಲ್ಟ್ ಸುತ್ತಮುತ್ತ. ಮೂರು ಗುಂಪು ಸೇರಿ 12.6ರಿಂದ 9ರವರೆಗೆ. ನಡುವಿನ ಬಹುಭಾಗ ಹೆಚ್ಚುಕಡಿಮೆ ಸಪಾಟು, ಕೊನೆಯ 10%ರಲ್ಲಿ ಜಾರು. ವೋಲ್ಟೇಜ್ 11.2ರಿಂದ ನಿಧಾನವಾಗಿ 10.5, 10, 9.5 ಎಂದು ಬಾಗಿ ಇಳಿದು ಆರಿದ್ದರೆ ಸೆಲ್‌ಗಳು ಸಮವಾಗಿ ಸವೆದಿವೆ, ನಿಜವಾಗಿಯೇ ಖಾಲಿಯಾಗಿವೆ. ಇಂಥ ಪ್ಯಾಕ್ ಕ್ಯಾಲಿಬ್ರೇಶನ್‌ಗೆ ಚೆನ್ನಾಗಿ ಒಗ್ಗುತ್ತದೆ. ಆದರೆ 10.8ರಲ್ಲಿ ಸುಖವಾಗಿದ್ದದ್ದು ಎರಡೇ ಸಾಲಿನಲ್ಲಿ 10.2 ಆಗಿ ಅಲ್ಲೇ ಆರಿದ್ದರೆ ಒಂದು ಗುಂಪು ಕುಸಿದಿದೆ. ಒಟ್ಟು 10.2 ಎಂದರೆ ಮೂರೂ 3.4 ಎಂದೇ ಆಗಬೇಕಿಲ್ಲ. 3.65, 3.65, 2.9 ಸೇರಿದರೂ 10.2. ರಕ್ಷಣಾ ಸರ್ಕ್ಯೂಟ್ ನೋಡುವುದು ಒಟ್ಟನ್ನಲ್ಲ, ಅತಿ ಕೆಳಗಿರುವ ಗುಂಪನ್ನು.

ಇಲ್ಲೇ ಟಿಪಿ-ಸ್ಮಾಪಿಯ ಗುಂಪು ವೋಲ್ಟೇಜ್ ಕೆಲಸಕ್ಕೆ ಬರುವುದು. ನಾಲ್ಕು ಅಂಕಿಗಳು ಸಿಗುತ್ತವೆ, 3 ಗುಂಪಿನ ಪ್ಯಾಕಿನಲ್ಲಿ ಒಂದು ಸೊನ್ನೆಯಾಗಿರುತ್ತದೆ, ಗಾಬರಿ ಬೇಡ. ತುಂಬಿದಾಗ ಮೂರರ ನಡುವಿನ ವ್ಯತ್ಯಾಸ 20 ಮಿಲಿವೋಲ್ಟ್‌ನೊಳಗಿದ್ದರೆ ಚೆನ್ನ. 50 ದಾಟಿದರೆ ಅನುಮಾನ. ತಳದ ಹತ್ತಿರ, 10–12 ವ್ಯಾಟ್ ಭಾರದಲ್ಲಿ, ಒಂದು ಗುಂಪು ಉಳಿದವಕ್ಕಿಂತ 300 ಮಿಲಿವೋಲ್ಟ್ ಕೆಳಗೆ ಬಿದ್ದರೆ ಆ ಗುಂಪಿನ ಸಾಮರ್ಥ್ಯ ಹೋಗಿದೆ, ಕ್ಯಾಲಿಬ್ರೇಶನ್ ಅದನ್ನು ಗುಣಪಡಿಸಲಾರದು. ಪ್ಯಾಕಿನೊಳಗೆ ಬ್ಯಾಲೆನ್ಸಿಂಗ್ ಇರುತ್ತದಲ್ಲ ಎಂದು ಕೇಳಬಹುದು. ಅದು ತುಂಬಿದ ಗುಂಪಿನಿಂದ ಕೆಲವೇ ಮಿಲಿಆಂಪಿಯರ್ ಸುಟ್ಟು ಸಮ ಮಾಡುವ ವ್ಯವಸ್ಥೆ. ಸಣ್ಣ ವ್ಯತ್ಯಾಸಕ್ಕೆ ಸಾಕು, ಸವೆದ ಸೆಲ್‌ಗೆ ಜೀವ ಕೊಡಲು ಅಲ್ಲ.

ಮೂರನೆಯ ಸಾಧ್ಯತೆ ಒಳರೋಧ. ಹಳೆಯ ಸೆಲ್‌ನಲ್ಲಿ ಚಾರ್ಜ್ ಇರುತ್ತದೆ, ಆದರೆ ಜೋರಾಗಿ ಎಳೆದರೆ ವೋಲ್ಟೇಜ್ ಬಗ್ಗುತ್ತದೆ. ಎಕ್ಸ್220ರ 35 ವ್ಯಾಟ್ ಪ್ರೊಸೆಸರ್ ಪೂರ್ತಿ ದುಡಿಯುವಾಗ ಇಡೀ ಯಂತ್ರ 45 ವ್ಯಾಟ್ ಎಳೆಯಿತು ಎನ್ನಿ. ಪ್ಯಾಕಿನಿಂದ ಸುಮಾರು 4 ಆಂಪಿಯರ್, ಒಂದೊಂದು ಸೆಲ್‌ಗೆ 2. ಸೆಲ್‌ನ ಒಳರೋಧ 150 ಮಿಲಿಓಮ್‌ಗೆ ಏರಿದ್ದರೆ ಪ್ರತಿ ಗುಂಪಿನಲ್ಲಿ 0.3, ಒಟ್ಟು 0.9 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಇದನ್ನು ಗುರುತಿಸುವ ದಾರಿ ಸುಲಭ. ಭಾರ ಬದಲಿಸಿ ಮತ್ತೊಮ್ಮೆ ಇಳಿಸಿ. ಹಗುರ ಭಾರದಲ್ಲಿ 12%ರವರೆಗೆ ಓಡಿ, ಜೋರು ಭಾರದಲ್ಲಿ 31ಕ್ಕೇ ಆರಿದರೆ ಒಳರೋಧ. ಎರಡರಲ್ಲೂ 30ರ ಸುತ್ತಲೇ ಆರಿದರೆ ಛೇದ. ಇನ್ನೊಂದು ಗುರುತು: ಆರಿದ ಮೇಲೆ 10 ನಿಮಿಷ ಬಿಟ್ಟು, ಚಾರ್ಜರ್ ಇಲ್ಲದೆ ಮತ್ತೆ ಆನ್ ಮಾಡಿ ವೋಲ್ಟೇಜ್ ಓದಿ. 9.3ರಿಂದ 10.9ಕ್ಕೆ ಚಿಮ್ಮಿದ್ದರೆ ಒಳಗೆ ಚಾರ್ಜ್ ಇದೆ, ಹೊರಗೆ ಬರಲಾಗುತ್ತಿಲ್ಲ. 10ರ ಕೆಳಗೇ ಉಳಿದಿದ್ದರೆ ಖಾಲಿ.

ಕ್ಯಾಲಿಬ್ರೇಶನ್

ಸಮವಾಗಿ ಸವೆದ ಪ್ಯಾಕ್ ಎಂದು ಖಚಿತವಾದ ಮೇಲೆ ಮಾತ್ರ ಈ ಹಂತ. ಇದರಿಂದ ಸಾಮರ್ಥ್ಯ ಒಂದು ವ್ಯಾಟ್-ಅವರ್ ಕೂಡ ಹೆಚ್ಚಾಗದು. ಮೇಲಿನ ಉದಾಹರಣೆಯಲ್ಲಿ ಫುಲ್ ಅಂಕಿ 48ರಿಂದ 33ಕ್ಕೆ ಇಳಿಯುತ್ತದೆ. ಬ್ಯಾಟರಿ ಮತ್ತಷ್ಟು ಹಾಳಾಗಿದೆ ಎಂದು ಸಾಫ್ಟ್‌ವೇರ್ ಕೆಂಪು ಗುರುತು ಹಾಕಬಹುದು. ಅದೇ ಯಶಸ್ಸು.

ವಿಂಡೋಸ್‌ನಲ್ಲಿ ಲೆನೊವೊದ ಪವರ್ ಮ್ಯಾನೇಜರ್ ಅಥವಾ ವ್ಯಾಂಟೇಜ್ ಒಳಗೆ ಬ್ಯಾಟರಿ ಗೇಜ್ ರೀಸೆಟ್ ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ. ಅದು ತುಂಬಿಸಿ, ಚಾರ್ಜರ್ ಚುಚ್ಚಿರುವಾಗಲೇ ಖಾಲಿ ಮಾಡಿ, ಮತ್ತೆ ತುಂಬಿಸುತ್ತದೆ. ಲಿನಕ್ಸ್‌ನಲ್ಲಿ ಟಿಎಲ್‌ಪಿ ರೀಕ್ಯಾಲಿಬ್ರೇಟ್ ಬ್ಯಾಟ್0 ಎಂಬ ಆಜ್ಞೆ ಹಾಗೆಯೇ ಖಾಲಿ ಮಾಡಿ ಮತ್ತೆ ತುಂಬಿಸುತ್ತದೆ. ಚಾರ್ಜರ್ ಇದ್ದೂ ಬ್ಯಾಟರಿ ಇಳಿಸುವ ಸೌಲಭ್ಯ 5.17ರಿಂದ ಮುಂದಿನ ಕರ್ನಲ್‌ನಲ್ಲಿ ನೇರವಾಗಿದೆ, ಅದಕ್ಕಿಂತ ಹಳೆಯದಾದರೆ ಎಸಿಪಿಐ-ಕಾಲ್ ಮಾಡ್ಯೂಲ್ ಬೇಕು. ಈ ದಾರಿಗೆ ಒಂದು ದೊಡ್ಡ ಅನುಕೂಲ ಇದೆ: ಬ್ಯಾಟರಿ ತಳ ಮುಟ್ಟಿದಾಗ ಯಂತ್ರ ಆರುವುದಿಲ್ಲ, ಚಾರ್ಜರ್ ಹೊರುತ್ತದೆ. ಆದರೆ ಆ ಹೊತ್ತಿನಲ್ಲೇ ಕರೆಂಟ್ ಹೋದರೆ ಆರುತ್ತದೆ, ಹಾಗಾಗಿ ತೆರೆದ ಕಡತಗಳನ್ನು ಮುಚ್ಚಿಯೇ ಶುರುಮಾಡಿ.

ಇವಾವುದೂ ಇಲ್ಲದ ಯಂತ್ರದಲ್ಲಿ ಕೈಯಾರೆ ಮಾಡಬೇಕು. 100% ತುಂಬಿಸಿ 2 ಗಂಟೆ ಬಿಡಿ. ಚಾರ್ಜರ್ ತೆಗೆದು, ಹಗುರ, ಸಮ ಭಾರದಲ್ಲಿ 10%ರವರೆಗೆ ಇಳಿಸಿ. ಅಲ್ಲಿ ಮರುಬೂಟ್ ಮಾಡಿ ಎಫ್1 ಒತ್ತಿ ಬಯಾಸ್ ಸೆಟಪ್ ಪರದೆಯಲ್ಲಿ ನಿಲ್ಲಿಸಿ. ಅಲ್ಲಿ ಯಂತ್ರವನ್ನು ಮುಂಚೆಯೇ ಮಲಗಿಸುವ ಆಪರೇಟಿಂಗ್ ಸಿಸ್ಟಮ್ ಇರುವುದಿಲ್ಲ, ಬರೆಯುತ್ತಿರುವ ಡಿಸ್ಕೂ ಇರುವುದಿಲ್ಲ, ಬ್ಯಾಟರಿ ನಿಜವಾದ ತಳದವರೆಗೆ ಇಳಿಯುತ್ತದೆ. ಯಂತ್ರ 31ಕ್ಕೇ ಆರುವ ರೋಗದ್ದಾದರೆ 45–50%ರಲ್ಲೇ ಬಯಾಸ್‌ಗೆ ಹೋಗಿ. ಆರಿದ ಮೇಲೆ ಚಾರ್ಜರ್ ಹಾಕದೆ 3ರಿಂದ 5 ಗಂಟೆ ಬಿಡಿ. ಈ ವಿರಾಮವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅದರಿಂದಲೇ ಹೆಚ್ಚಿನ ಕ್ಯಾಲಿಬ್ರೇಶನ್‌ಗಳು ವ್ಯರ್ಥವಾಗುತ್ತವೆ. ವಿರಾಮದ ವೋಲ್ಟೇಜ್ ನೋಡಿ ಕಲಿಯುವ ಚಿಪ್‌ಗೆ ಸೆಲ್ ಶಾಂತವಾಗುವುದು ಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಇಂಪೀಡನ್ಸ್ ಟ್ರ್ಯಾಕ್ ಚಿಪ್‌ಗಳು ವೋಲ್ಟೇಜ್ ಬದಲಾವಣೆ ಸೆಕೆಂಡಿಗೆ 4 ಮೈಕ್ರೋವೋಲ್ಟ್‌ಗಿಂತ ಕಡಿಮೆಯಾಗುವವರೆಗೆ ಕಾಯುತ್ತವೆ. ಆಮೇಲೆ ಒಂದೇ ಉಸಿರಿಗೆ 100% ತುಂಬಿಸಿ, ಮತ್ತೆ 2 ಗಂಟೆ ಬಿಡಿ. ಖಾಲಿ ಪ್ಯಾಕನ್ನು ದಿನಗಟ್ಟಲೆ ಹಾಗೇ ಇಡಬಾರದು. ಸೆಲ್‌ನ ವೋಲ್ಟೇಜ್ ತೀರಾ ಕೆಳಗೆ ಜಾರಿ ಉಳಿದರೆ ಒಳಗಿನ ತಾಮ್ರ ಕರಗತೊಡಗುತ್ತದೆ, ರಕ್ಷಣಾ ಸರ್ಕ್ಯೂಟ್ ಪ್ಯಾಕನ್ನು ಶಾಶ್ವತವಾಗಿ ಮುಚ್ಚಿಬಿಡಲೂಬಹುದು.

ನಂತರ ಮತ್ತೊಮ್ಮೆ ಇಳಿಕೆಯ ಲಾಗ್. ಈಗ ಯಂತ್ರ 5%ರ ಕೆಳಗೆ ಆರಿದರೆ ಕೆಲಸ ಮುಗಿಯಿತು. 31 ಇದ್ದದ್ದು 15ಕ್ಕೆ ಬಂದಿದ್ದರೆ ಇನ್ನೊಂದು ಸಲ ಮಾಡಿ. ಕೆಲವು ಚಿಪ್‌ಗಳು ಒಂದೇ ಸಲಕ್ಕೆ ದೊಡ್ಡ ಬದಲಾವಣೆ ಒಪ್ಪುವುದಿಲ್ಲ. ಎರಡನೆಯ ಸಲವೂ ಅಲುಗಾಡದಿದ್ದರೆ ಮೂರನೆಯದು ಬೇಡ, ಪೂರ್ತಿ ಖಾಲಿ ಮಾಡುವ ಪ್ರತಿಯೊಂದು ಸುತ್ತೂ ಸೆಲ್ ಸವೆಸುತ್ತದೆ. ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡಿ ಎಂಬ ಹಳೆಯ ಸಲಹೆಯನ್ನೂ ಇದೇ ಕಾರಣಕ್ಕೆ ಬಿಟ್ಟುಬಿಡಿ.

ಚಿಪ್ ಕಲಿಯದಿದ್ದರೆ

ಛೇದ ಬದಲಾಗದ ಪ್ಯಾಕಿನೊಂದಿಗೂ ಸುರಕ್ಷಿತವಾಗಿ ಬಾಳಬಹುದು. ಆರುವ ಬಿಂದು ಯಾವಾಗಲೂ 31ರ ಸುತ್ತ ಎಂದು ಲಾಗ್ ತೋರಿಸಿದ್ದರೆ ಸಿಸ್ಟಮ್‌ನ ತುರ್ತು ಮಿತಿಯನ್ನು 36ಕ್ಕೆ ಏರಿಸಿ. ವಿಂಡೋಸ್‌ನ ಪವರ್ ಆಯ್ಕೆಗಳ ಸುಧಾರಿತ ಪಟ್ಟಿಯಲ್ಲಿ ಮೊದಲು ಲೋ ಬ್ಯಾಟರಿ ಮಟ್ಟ 42, ಆಮೇಲೆ ಕ್ರಿಟಿಕಲ್ ಬ್ಯಾಟರಿ ಮಟ್ಟ 36, ಕ್ರಿಟಿಕಲ್ ಕ್ರಮ ಹೈಬರ್ನೇಟ್. ಲಿನಕ್ಸ್‌ನಲ್ಲಿ ಇಟಿಸಿ ಫೋಲ್ಡರಿನ ಯುಪವರ್ ಸಂರಚನಾ ಕಡತದಲ್ಲಿ ಪರ್ಸೆಂಟೇಜ್ ಲೋ, ಪರ್ಸೆಂಟೇಜ್ ಕ್ರಿಟಿಕಲ್, ಪರ್ಸೆಂಟೇಜ್ ಆ್ಯಕ್ಷನ್ ಮೂರನ್ನೂ ಇಳಿಯುವ ಕ್ರಮದಲ್ಲಿ ತಿದ್ದಿ, ಯುಪವರ್ ಸೇವೆಯನ್ನು ಮರುಪ್ರಾರಂಭಿಸಿ. ಸಂಖ್ಯೆ ಸುಳ್ಳಾಗಿಯೇ ಉಳಿಯುತ್ತದೆ, ಕೆಲಸ ಮಾತ್ರ ಕಳೆದುಹೋಗುವುದಿಲ್ಲ.

ಎಲೆಕ್ಟ್ರಾನಿಕ್ಸ್ ಕೈಯಲ್ಲಿ ಆಡಿದವರು ಚಿಪ್ ಅನ್ನೇ ಕೇಳಬಹುದು. ಸ್ಮಾರ್ಟ್ ಬ್ಯಾಟರಿ ಮಾನದಂಡದಂತೆ ಪ್ಯಾಕಿನ ವಿಳಾಸ ಹೆಕ್ಸಾದಲ್ಲಿ 0ಬಿ. 3.3 ವೋಲ್ಟ್‌ನ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕು, ವೇಗ 100 ಕಿಲೋಹರ್ಟ್ಸ್ ಮೀರಬಾರದು. ರಿಜಿಸ್ಟರ್ 09 ವೋಲ್ಟೇಜ್, 0ಎ ಕರೆಂಟ್, 0ಡಿ ಶೇಕಡಾ, 0ಎಫ್ ಉಳಿದದ್ದು, 10 ಫುಲ್, 17 ಸೈಕಲ್ ಸಂಖ್ಯೆ, 18 ಡಿಸೈನ್. ಇವೆಲ್ಲಕ್ಕಿಂತ ಉಪಯೋಗಿ 0ಸಿ: ತನ್ನ ಅಂದಾಜಿನಲ್ಲಿ ಎಷ್ಟು ಶೇಕಡಾ ತಪ್ಪಿರಬಹುದು ಎಂದು ಚಿಪ್ ತಾನೇ ಹೇಳುವ ಅಂಕಿ. ಅದು ಒಂದೆರಡಿದ್ದರೆ ಇತ್ತೀಚೆಗೆ ಕಲಿತಿದೆ, ಏರುತ್ತ ಹೋದಷ್ಟೂ ಅದರ ಶೇಕಡಾವಾರನ್ನು ಅಷ್ಟಷ್ಟೇ ನಂಬಿ. ರಿಜಿಸ್ಟರ್ 1ಬಿ ತಯಾರಿಕೆಯ ದಿನಾಂಕ. ಅಂಕಿ 16050 ಬಂದರೆ 512ರಿಂದ ಭಾಗಿಸಿ, 31 ಬರುತ್ತದೆ, 1980ಕ್ಕೆ ಕೂಡಿದರೆ 2011. ಶೇಷ 178ನ್ನು 32ರಿಂದ ಭಾಗಿಸಿದರೆ 5, ಮೇ ತಿಂಗಳು, ಶೇಷ 18. ಹೊಸದು ಎಂದು ಮಾರಿದ ಪ್ಯಾಕ್ ಎಷ್ಟು ವರ್ಷ ಕಪಾಟಿನಲ್ಲಿತ್ತು ಎಂಬುದು ಹೀಗೆ ಹೊರಬೀಳುತ್ತದೆ.

ಪ್ಯಾಕ್ ಬಿಚ್ಚಿ ಸೆಲ್ ಬದಲಿಸುವುದು ಕಾಗದದ ಮೇಲೆ ಅಗ್ಗ. ಆದರೆ ಸೆಲ್ ಕಳಚಿದ ಕ್ಷಣ ಚಿಪ್‌ಗೆ ವಿದ್ಯುತ್ ತಪ್ಪಿ ಹಲವು ಪ್ಯಾಕ್‌ಗಳು ಶಾಶ್ವತ ದೋಷ ಎಂದು ಬೀಗ ಹಾಕಿಕೊಳ್ಳುತ್ತವೆ, ಕೆಲವು ಒಳಗಿನ ಫ್ಯೂಸನ್ನೇ ಸುಡುತ್ತವೆ. ಬೀಗ ಬೀಳದಿದ್ದರೂ ಹೊಸ ಸೆಲ್‌ಗೆ ಹಳೆಯ ಛೇದ ಅಂಟಿಕೊಂಡಿರುತ್ತದೆ, 3%ರಲ್ಲಿ ಮುಕ್ಕಾಲು ಗಂಟೆ ಓಡುವ ರೋಗ ಅಲ್ಲಿಂದಲೂ ಬರುತ್ತದೆ. ಸ್ಪಾಟ್ ವೆಲ್ಡರ್, ಒಂದೇ ಬ್ಯಾಚಿನ ಅಳೆದ ಸೆಲ್‌ಗಳು, ಚಿಪ್‌ನ ಸಾಫ್ಟ್‌ವೇರ್ ಮೂರೂ ಇಲ್ಲದವರು ಇದಕ್ಕೆ ಕೈಹಾಕಬಾರದು. ಉಬ್ಬಿದ, ಸಿಹಿವಾಸನೆ ಬರುವ ಪ್ಯಾಕನ್ನಂತೂ ಯಾರೂ ಬಿಚ್ಚಬಾರದು. ಅದನ್ನು ಕಸದ ಬುಟ್ಟಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿ ಸಂಗ್ರಹ, ಮರುಬಳಕೆಯ ಹೊಣೆ ತಯಾರಕರದ್ದು. ಸಂಪರ್ಕಗಳ ಮೇಲೆ ಟೇಪ್ ಅಂಟಿಸಿ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಬದಲಿ ಪ್ಯಾಕ್ ಕೊಳ್ಳುವಾಗ, ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಾಗಲಿ ಆನ್‌ಲೈನ್ ಆಗಲಿ, ಲೇಬಲ್ ಮೇಲೆ ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡವಾದ ಐಎಸ್ 16046ರ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ನೋಡಿ. ಎಕ್ಸ್220 ಬೇರೆ ಕಂಪನಿಯ ಪ್ಯಾಕನ್ನೂ ಚಾರ್ಜ್ ಮಾಡುತ್ತದೆ, ಎಕ್ಸ್230, ಟಿ430 ತಲೆಮಾರಿನಿಂದ ಬಯಾಸ್ ಅಸಲಿಯಲ್ಲದ ಪ್ಯಾಕನ್ನು ನಿರಾಕರಿಸಬಹುದು. ಮನೆಗೆ ತಂದ ದಿನವೇ ತಯಾರಿಕೆಯ ದಿನಾಂಕ, ಸೈಕಲ್ ಸಂಖ್ಯೆ, ಮೂರು ಗುಂಪುಗಳ ವೋಲ್ಟೇಜ್ ಓದಿ, ಒಂದು ಇಳಿಕೆಯ ಲಾಗ್ ತೆಗೆಯಿರಿ. ಪವರ್ ಕೂಡಿ ಬಂದ ಅಂಕಿ ಲೇಬಲ್‌ನ 90%ಕ್ಕಿಂತ ಕೆಳಗಿದ್ದರೆ, ಅಥವಾ ವೋಲ್ಟೇಜ್ ಇಳಿದರೂ ಡಿಸೈನ್, ಫುಲ್ ಅಂಕಿಗಳು ಕೂದಲೆಳೆಯಷ್ಟೂ ಬದಲಾಗದೆ ಶೇಕಡಾ ಮಾತ್ರ ಹತ್ತತ್ತು ಮೆಟ್ಟಿಲು ಹಾರಿದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಆ ಲಾಗ್ ಕಡತದ ಸಮೇತ ಪ್ಯಾಕನ್ನು ವಾಪಸ್ ಕೊಡಿ.